ಎದೆಗೆ ಬಿದ್ದ ಮೂಗೇಟಿನ ನಂತರ ತಲೆದೋರುವ ಅಪರೂಪದ ಸೋಂಕುಗಳು: ಯುವ ಕ್ರೀಡಾಪಟುಗಳು, ಪೋಷಕರು ಹಾಗೂ ತರಬೇತುದಾರರಿಗೆ ಮಾಹಿತಿ

ಪೀಠಿಕೆ

ಕಬಡ್ಡಿ ಅಂಕಣದಲ್ಲಿ ಎದುರಾಳಿಯ ಮೊಣಕಾಲು ಎದೆಗೆ ತಗಲುವುದು, ಗರಡಿಯಲ್ಲಿ ಪಟ್ಟು ತಪ್ಪಿ ಪಕ್ಕೆ ನೆಲಕ್ಕೆ ಬಡಿಯುವುದು, ಖೋ-ಖೋ ಆಟದಲ್ಲಿ ಎದೆ ಕಂಬಕ್ಕೆ ಅಪ್ಪಳಿಸುವುದು, ಕ್ರಿಕೆಟ್ ಅಥವಾ ಹಾಕಿ ಚೆಂಡು ಎದೆಗೆ ಬಡಿಯುವುದು ಕ್ರೀಡೆಯಲ್ಲಿ ಸಾಮಾನ್ಯ. ಇಂತಹ ಪೆಟ್ಟುಗಳಲ್ಲಿ ಬಹುಪಾಲು ಕೆಲವು ದಿನಗಳ ವಿಶ್ರಾಂತಿಯಿಂದ ವಾಸಿಯಾಗುತ್ತವೆ. ಆದರೆ ಅತಿ ವಿರಳವಾಗಿ, ಚರ್ಮ ಒಡೆಯದೆ, ರಕ್ತ ಸುರಿಯದೆ, ಮೂಳೆಯೂ ಮುರಿಯದೆ ಇದ್ದ ಪೆಟ್ಟಿನ ಜಾಗದಲ್ಲಿ ಕೆಲವು ದಿನ ಅಥವಾ ವಾರಗಳ ನಂತರ ಸೋಂಕು ನೆಲೆಯೂರಿ ಕೀವುಗಟ್ಟುವುದುಂಟು.

ಈ ಸೋಂಕುಗಳು ಅಪರೂಪವಾದವು. ಸಕಾಲದಲ್ಲಿ ಪತ್ತೆಯಾದರೆ ಗುಣವಾಗತಕ್ಕವು. ತಡವಾದಲ್ಲಿ ಮಾತ್ರ ಶಸ್ತ್ರಚಿಕಿತ್ಸೆ, ದೀರ್ಘಕಾಲದ ಆಸ್ಪತ್ರೆವಾಸ ಹಾಗೂ ಕೆಲವೊಮ್ಮೆ ಪ್ರಾಣಾಪಾಯಕ್ಕೂ ಕಾರಣವಾಗುತ್ತವೆ. ತಡವಾಗುವುದಕ್ಕೆ ಮುಖ್ಯ ಕಾರಣವೆಂದರೆ, ಎಂದೋ ಬಿದ್ದ ಪೆಟ್ಟಿಗೂ ಇಂದು ಬಂದ ಜ್ವರಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯದಿರುವುದು. ಆ ಸಂಬಂಧವನ್ನು ಸಾರ್ವಜನಿಕರ ಗಮನಕ್ಕೆ ತರುವುದು ಹಾಗೂ ಚಿಕಿತ್ಸೆಗೆ ಲಭ್ಯವಿರುವ ಸರ್ಕಾರಿ ಸೌಲಭ್ಯಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.

1. ಮೂಗೇಟು ಎಂದರೇನು?

ಹರಿತವಾದ ಆಯುಧದಿಂದಲ್ಲದೆ, ಮೊಂಡಾದ ವಸ್ತುವಿನಿಂದ ಅಥವಾ ಬಿದ್ದ ರಭಸದಿಂದ ಆಗುವ, ಚರ್ಮ ಸೀಳದಿರುವ ಪೆಟ್ಟಿಗೆ ಮೂಗೇಟು ಅಥವಾ ಒಳಪೆಟ್ಟು ಎನ್ನುತ್ತಾರೆ. ಹೊರಗೆ ಒಂದಿಷ್ಟು ಕಂದು ಅಥವಾ ಊತ ಮಾತ್ರ ಕಾಣಬಹುದು. ಕೆಲವೊಮ್ಮೆ ಅದೂ ಕಾಣುವುದಿಲ್ಲ.

ಎದೆಗೂಡು 12 ಜೊತೆ ಪಕ್ಕೆಲುಬುಗಳು, ಮುಂಭಾಗದ ಎದೆಮೂಳೆ ಹಾಗೂ ಹಿಂಭಾಗದ ಬೆನ್ನೆಲುಬಿನಿಂದ ರಚಿತವಾಗಿದೆ. ಎಳೆಯ ವಯಸ್ಸಿನಲ್ಲಿ ಪಕ್ಕೆಲುಬುಗಳು ಮತ್ತು ಅವುಗಳ ತುದಿಯ ಮೃದ್ವಸ್ಥಿಗಳು ಬಾಗುವ ಗುಣ ಹೊಂದಿರುತ್ತವೆ. ಆದಕಾರಣ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಪೆಟ್ಟಿನ ರಭಸಕ್ಕೆ ಪಕ್ಕೆಲುಬು ಮುರಿಯದೆ ಬಾಗಿ, ಆ ರಭಸವು ಒಳಗಿನ ಶ್ವಾಸಕೋಶಕ್ಕೆ ವರ್ಗವಾಗುತ್ತದೆ. ಮೂಳೆ ಮುರಿದಿಲ್ಲವೆಂಬ ಒಂದೇ ಕಾರಣಕ್ಕೆ ಒಳಗೆ ಏನೂ ಆಗಿಲ್ಲವೆಂದು ಭಾವಿಸುವುದು ಯುವಕರ ವಿಷಯದಲ್ಲಿ ಸರಿಯಲ್ಲ.

2. ಚರ್ಮ ಒಡೆಯದಿದ್ದರೂ ಸೋಂಕು ಬರುವುದು ಹೇಗೆ?

ಗಾಯವೇ ಇಲ್ಲದ ಕಡೆ ರೋಗಾಣು ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಉತ್ತರವೆಂದರೆ, ರೋಗಾಣು ಪೆಟ್ಟಿನ ಜಾಗದ ಮೂಲಕವೇ ಬರಬೇಕಾಗಿಲ್ಲ. ರಕ್ತದ ಮೂಲಕವೂ ಬರಬಹುದು.

ಇಂತಹ ಸೋಂಕುಗಳಿಗೆ ಬಹುಮಟ್ಟಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ಆರೋಗ್ಯವಂತರಲ್ಲಿಯೂ ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮೊಣಕೈ ತರಚು, ಕಾಲಿನ ಕುರು, ಉಗುರುಸುತ್ತು, ಕೆರೆದ ಕಜ್ಜಿ, ಕ್ಷೌರದ ಗೀರು ಮುಂತಾದ ಸಣ್ಣ ದಾರಿಗಳಿಂದ ಅದು ರಕ್ತವನ್ನು ಸೇರಬಹುದು. ಸಾಮಾನ್ಯವಾಗಿ ಶರೀರದ ರಕ್ಷಣಾಶಕ್ತಿ ಅದನ್ನು ಕೂಡಲೇ ನಾಶಪಡಿಸುತ್ತದೆ. ಆದರೆ ಅದೇ ಸಮಯದಲ್ಲಿ ಎಲ್ಲಿಯಾದರೂ ಜಜ್ಜಿದ ಸ್ನಾಯು, ಹೆಪ್ಪುಗಟ್ಟಿದ ರಕ್ತ ಅಥವಾ ಬಿರುಕು ಬಿಟ್ಟ ಮೂಳೆ ಇದ್ದರೆ, ಅಲ್ಲಿ ರಕ್ತಸಂಚಾರ ಕುಂದಿರುವುದರಿಂದ ರೋಗಾಣುವಿಗೆ ತಂಗುದಾಣ ದೊರೆತಂತಾಗುತ್ತದೆ.

ಈ ಸಂಗತಿ ಬಹಳ ಹಿಂದೆಯೇ ತಿಳಿದುಬಂದಿದೆ. 1904ರಲ್ಲಿ ಜಪಾನಿನ ಸಂಶೋಧಕ ಮಿಯಾಕೆ ಎಂಬುವರು ಮೊಲಗಳ ರಕ್ತನಾಳಕ್ಕೆ ಈ ರೋಗಾಣುವನ್ನು ಸೇರಿಸಿ ಪರೀಕ್ಷಿಸಿದರು. ಆರೋಗ್ಯವಾಗಿದ್ದ ಸ್ನಾಯುಗಳಲ್ಲಿ ಕೀವು ಉಂಟಾಗಲಿಲ್ಲ. ಮೊದಲೇ ಪೆಟ್ಟು ಮಾಡಲಾಗಿದ್ದ ಸ್ನಾಯುಗಳಲ್ಲಿ ಉಂಟಾಯಿತು. ಅಂದರೆ ಸೋಂಕಿಗೆ ರೋಗಾಣು ಮತ್ತು ಪೆಟ್ಟು ಎರಡೂ ಒಟ್ಟಾಗಿ ಒದಗಬೇಕಾಗುತ್ತದೆ.

ಕ್ರೀಡಾಪಟುಗಳಲ್ಲಿ ಈ ಎರಡೂ ಒಟ್ಟಿಗೆ ಇರುವ ಸಂಭವ ಹೆಚ್ಚು. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರಾಮ್ಸ್ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ 5 ಮಂದಿಗೆ, ಸಾಮಾನ್ಯ ಔಷಧಿಗಳಿಗೆ ಬಗ್ಗದ ಇದೇ ಜಾತಿಯ ಬ್ಯಾಕ್ಟೀರಿಯಾದಿಂದ ಚರ್ಮದ ಕೀವುಗುಳ್ಳೆಗಳಾದವು. ಅವೆಲ್ಲವೂ ಕೃತಕ ಹುಲ್ಲಿನ ಮೇಲೆ ಬಿದ್ದು ತರಚಿದ ಜಾಗಗಳಲ್ಲಿಯೇ ಕಾಣಿಸಿಕೊಂಡಿದ್ದವು. ಅವು ಎದೆಯ ಸೋಂಕುಗಳಲ್ಲವಾದರೂ, ಆಟಗಾರರ ತರಚುಗಾಯ ಎಷ್ಟು ಸುಲಭವಾಗಿ ರೋಗಾಣುವಿನ ಬಾಗಿಲಾಗಬಲ್ಲದು ಎಂಬುದಕ್ಕೆ ನಿದರ್ಶನ. ಕಬಡ್ಡಿ ಮ್ಯಾಟ್ ಹಾಗೂ ಮಣ್ಣಿನ ಅಂಕಣಗಳಲ್ಲಿ ಆಡುವ ನಮ್ಮ ಮಕ್ಕಳ ಮೊಣಕಾಲು, ಮೊಣಕೈಗಳಲ್ಲಿಯೂ ಇಂತಹ ತರಚುಗಳು ಇದ್ದೇ ಇರುತ್ತವೆ.

3. ಎದೆಯಲ್ಲಿ ಸೋಂಕು ಎಲ್ಲೆಲ್ಲಿ ಉಂಟಾಗಬಹುದು?

(ಅ) ಶ್ವಾಸಕೋಶದ ಸುತ್ತಲಿನ ಜಾಗ: ಶ್ವಾಸಕೋಶದ ಹೊರಭಾಗ ಮತ್ತು ಎದೆಗೂಡಿನ ಒಳಭಾಗವನ್ನು ತೆಳುವಾದ ಎರಡು ಪದರದ ಪೊರೆ ಆವರಿಸಿದೆ. ಈ ಪದರಗಳ ನಡುವೆ ಸಾಮಾನ್ಯವಾಗಿ ಕೆಲವೇ ಚಮಚದಷ್ಟು ದ್ರವವಿರುತ್ತದೆ. ಪೆಟ್ಟಿನಿಂದ ಅಲ್ಲಿ ರಕ್ತ ಸೋರಿ, ಪೂರ್ಣವಾಗಿ ಹೀರಲ್ಪಡದೆ ಹೆಪ್ಪಾಗಿ ಉಳಿದರೆ, ಆ ಹೆಪ್ಪಿಗೆ ಸೋಂಕು ತಗುಲಿ ಕೀವು ತುಂಬಬಹುದು. ಇದಕ್ಕೆ ಎಂಪೈಮಾ ಎಂದು ಹೆಸರು.

(ಆ) ಶ್ವಾಸಕೋಶದ ಒಳಗೆ: ಜಜ್ಜಿದ ಭಾಗದಲ್ಲಿ ನ್ಯುಮೋನಿಯಾ ಉಂಟಾಗಬಹುದು. ಯುವಕರಲ್ಲಿ ಪೆಟ್ಟಿನ ನಂತರ ಶ್ವಾಸಕೋಶದಲ್ಲಿ ಗಾಳಿ ಅಥವಾ ರಕ್ತ ತುಂಬಿದ ಸಣ್ಣ ಪೊಳ್ಳು ಉಂಟಾಗುವುದೂ ಉಂಟು. ಅದು ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಪರೂಪಕ್ಕೆ ಸೋಂಕು ತಗುಲಿ ಕೀವಿನ ಕುರುವಾಗುತ್ತದೆ.

(ಇ) ಎದೆಯ ಸ್ನಾಯುಗಳು: ಸ್ನಾಯುವಿನೊಳಗೆ ಕೀವುಗಟ್ಟುವ ಈ ರೋಗಕ್ಕೆ ಪಯೋಮಯೊಸೈಟಿಸ್ ಎನ್ನುತ್ತಾರೆ. ಇದು ಉಷ್ಣವಲಯದ ದೇಶಗಳಲ್ಲಿ ಹೆಚ್ಚಾಗಿ ಕಂಡುಬರುವ ರೋಗ. ತೊಡೆ ಮತ್ತು ಸೊಂಟದ ಸ್ನಾಯುಗಳಲ್ಲಿ ಹೆಚ್ಚು. ಎದೆಯ ಸ್ನಾಯುಗಳಲ್ಲಿ ವಿರಳ. ಇದರ ರೋಗಿಗಳಲ್ಲಿ ಗಣನೀಯ ಭಾಗ ಹಿಂದೆ ಪೆಟ್ಟು ಬಿದ್ದುದನ್ನು ಅಥವಾ ತೀವ್ರ ವ್ಯಾಯಾಮ ಮಾಡಿದುದನ್ನು ಹೇಳುತ್ತಾರೆ.

(ಈ) ಎದೆಮೂಳೆ ಮತ್ತು ಪಕ್ಕೆಲುಬುಗಳು: ಮೂಳೆಯೊಳಗಿನ ಸೋಂಕಿಗೆ ಆಸ್ಟಿಯೋಮೈಲೈಟಿಸ್ ಎಂದು ಹೆಸರು. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗದವರಲ್ಲಿ ಎದೆಮೂಳೆಯ ಸೋಂಕು ಬಹಳ ಅಪರೂಪ. ಪಕ್ಕೆಲುಬಿನ ಸೋಂಕೂ ಅಷ್ಟೇ ವಿರಳ.

(ಉ) ಕೊರಳೆಲುಬು ಎದೆಮೂಳೆಗೆ ಸೇರುವ ಕೀಲು: ಕತ್ತಿನ ಬುಡದಲ್ಲಿ, ಮಧ್ಯಭಾಗದ ಎರಡೂ ಬದಿಗೆ ಕೈಗೆ ಸಿಗುವ ಸಣ್ಣ ಉಬ್ಬುಗಳೇ ಈ ಕೀಲುಗಳು. ಇಲ್ಲಿ ಸೋಂಕಾದಾಗ ನೋವು ಭುಜಕ್ಕೆ ಅಥವಾ ಕುತ್ತಿಗೆಗೆ ಹರಡುವುದರಿಂದ ಭುಜ ಉಳುಕಿದೆಯೆಂದು ಭ್ರಮಿಸುವ ಸಂಭವವಿದೆ. ಈ ಕೀಲಿನ ಹಿಂದೆಯೇ ದೊಡ್ಡ ರಕ್ತನಾಳಗಳಿದ್ದು, ಸೋಂಕು ಎದೆಯ ಮಧ್ಯಭಾಗಕ್ಕೆ ಹರಡಿದರೆ ಅಪಾಯ ಹೆಚ್ಚು.

4. ದಿನಗಳ ಲೆಕ್ಕ

ಪೆಟ್ಟಿನ ನೋವಿಗೂ ಸೋಂಕಿನ ನೋವಿಗೂ ಇರುವ ವ್ಯತ್ಯಾಸವನ್ನು ದಿನಗಳ ಲೆಕ್ಕದಿಂದ ಬಹುಮಟ್ಟಿಗೆ ಗುರುತಿಸಬಹುದು.

- ಮೊದಲ 3 ದಿನ: ಪೆಟ್ಟಿನ ನೋವು ಹೆಚ್ಚಾಗಿರುತ್ತದೆ. ಶ್ವಾಸಕೋಶ ಜಜ್ಜಿದ್ದರೆ ಅದರ ಉಸಿರಾಟದ ತೊಂದರೆಯೂ ಸಾಮಾನ್ಯವಾಗಿ ಈ ಅವಧಿಯಲ್ಲಿಯೇ ಹೆಚ್ಚುತ್ತದೆ.
- 4ರಿಂದ 7ನೇ ದಿನ: ಸಾಮಾನ್ಯ ಪೆಟ್ಟಾಗಿದ್ದರೆ ನೋವು ದಿನೇ ದಿನೇ ಇಳಿಯಬೇಕು. ಕಂದು ಬಣ್ಣ ಹಸಿರು-ಹಳದಿಗೆ ತಿರುಗುತ್ತದೆ.
- 1ರಿಂದ 3ನೇ ವಾರ: ಇಳಿದಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ ಅಥವಾ ಊತ ಗಟ್ಟಿಯಾದರೆ ಸೋಂಕನ್ನು ಶಂಕಿಸಬೇಕು.
- 3 ವಾರಗಳ ನಂತರ: ಮೂಳೆಯ ಹಾಗೂ ಕೀಲಿನ ಸೋಂಕುಗಳು ನಿಧಾನವಾಗಿ ಬೆಳೆಯುವುದರಿಂದ, ಜ್ವರ ಅಷ್ಟಾಗಿ ಇಲ್ಲದೆ ಕೇವಲ ನೋವು, ಊತ, ನಿಶ್ಶಕ್ತಿ ಮುಂದುವರಿಯಬಹುದು.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ನಿದರ್ಶನವನ್ನು ಗಮನಿಸಿ. ಪದವಿಪೂರ್ವ ಕಾಲೇಜಿನ 17 ವರ್ಷದ ಕಬಡ್ಡಿ ಆಟಗಾರನೊಬ್ಬನಿಗೆ ತಾಲ್ಲೂಕು ಪಂದ್ಯದಲ್ಲಿ ಎದೆಯ ಎಡಭಾಗಕ್ಕೆ ಮೊಣಕಾಲು ತಗಲಿತು. ಅವನ ಮೊಣಕೈಯಲ್ಲಿ ವಾರದ ಹಿಂದಿನ ತರಚುಗಾಯವಿತ್ತು. ಎರಡು ದಿನ ನೋವಿನ ಮಾತ್ರೆ ನುಂಗಿ, ಐದನೇ ದಿನ ಆಡಲು ಇಳಿದನು. ಒಂಬತ್ತನೇ ದಿನ ಚಳಿಜ್ವರ ಬಂದಿತು. ಜಿಲ್ಲಾ ತಂಡದ ಆಯ್ಕೆ ಸಮೀಪಿಸಿದ್ದರಿಂದ ಅವನು ಎದೆನೋವನ್ನು ಮನೆಯವರಿಗೆ ತಿಳಿಸಲಿಲ್ಲ. ಮನೆಯವರು ಊರಿನಲ್ಲಿ ಹರಡಿದ್ದ ಜ್ವರವೇ ಇರಬೇಕೆಂದು ಭಾವಿಸಿದರು. ಕ್ಲಿನಿಕ್ಕಿನಲ್ಲಿ ವೈದ್ಯರು ಜ್ವರದ ಬಗ್ಗೆ ಕೇಳಿದರು, ಪೆಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಹದಿನಾರನೇ ದಿನ ಉಸಿರು ಸಿಕ್ಕಿಕೊಳ್ಳತೊಡಗಿದಾಗ ಎದೆಯ ಎಕ್ಸ್-ರೇ ತೆಗೆಸಲಾಯಿತು.

ಈ ನಿದರ್ಶನದಲ್ಲಿ ಯಾರದೂ ದುರುದ್ದೇಶವಿಲ್ಲ. ಹುಡುಗನಿಗೆ ಆಯ್ಕೆಯ ಚಿಂತೆ, ಮನೆಯವರಿಗೆ ಜ್ವರದ ಚಿಂತೆ. ಆದರೂ ಏಳು ದಿನಗಳು ವ್ಯರ್ಥವಾದವು. "ಒಂಬತ್ತು ದಿನದ ಹಿಂದೆ ಎದೆಗೆ ಪೆಟ್ಟು ಬಿದ್ದಿತ್ತು" ಎಂಬ ಒಂದು ವಾಕ್ಯ ಆ ಏಳು ದಿನಗಳನ್ನು ಉಳಿಸಬಹುದಾಗಿತ್ತು.

5. ಅಪಾಯದ ಲಕ್ಷಣಗಳು

ಎದೆಗೆ ಪೆಟ್ಟು ಬಿದ್ದ ನಂತರದ ಒಂದು ತಿಂಗಳೊಳಗೆ ಈ ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ ಅದೇ ದಿನ ವೈದ್ಯರನ್ನು ಕಾಣತಕ್ಕದ್ದು:

- 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಚಳಿ-ನಡುಕ, ರಾತ್ರಿ ಬೆವರುವುದು
- ಕಡಿಮೆಯಾಗಿದ್ದ ನೋವು ಮರಳಿ ಹೆಚ್ಚುವುದು. ಉಸಿರು ಎಳೆದಾಗ ಅಥವಾ ಕೆಮ್ಮಿದಾಗ ಚುಚ್ಚಿದಂತಾಗುವುದು
- ಪೆಟ್ಟಿನ ಜಾಗ ಬಿಸಿಯಾಗಿ, ಕೆಂಪಾಗಿ, ಹಲಗೆಯಂತೆ ಗಟ್ಟಿಯಾಗುವುದು ಅಥವಾ ಊತ ಬೆಳೆಯುವುದು
- ಕೆಮ್ಮಿನಲ್ಲಿ ರಕ್ತ, ಕೀವು ಅಥವಾ ದುರ್ವಾಸನೆಯ ಕಫ
- ಕೊರಳೆಲುಬಿನ ಬುಡದಲ್ಲಿ ಊತ, ಕೈ ಎತ್ತಲು ಆಗದಿರುವುದು
- ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕಾರಣವಿಲ್ಲದ ಸುಸ್ತು

ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು:

- ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ಒಂದು ವಾಕ್ಯವನ್ನು ಪೂರ್ಣವಾಗಿ ಆಡಲಾಗದಿರುವುದು
- ತುಟಿ ಅಥವಾ ಉಗುರು ನೀಲಿಯಾಗುವುದು
- ಮಂಕು, ಮಾತಿನಲ್ಲಿ ಗೊಂದಲ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು (ರಕ್ತಕ್ಕೆ ನಂಜೇರುತ್ತಿರುವ ಸೂಚನೆ)

ವಿಶೇಷ ಸೂಚನೆ: ಎದೆಗೆ ಪೆಟ್ಟು ಬಿದ್ದ ಕ್ಷಣದಲ್ಲಿಯೇ ಆಟಗಾರನು ಕುಸಿದು ಪ್ರಜ್ಞೆ ಮತ್ತು ಉಸಿರು ಕಳೆದುಕೊಂಡರೆ ಅದು ಸೋಂಕಲ್ಲ, ಹೃದಯದ ಬಡಿತ ಏರುಪೇರಾಗಿರುವ ತುರ್ತು ಪರಿಸ್ಥಿತಿ. ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಿ 108ಕ್ಕೆ ಕರೆ ಮಾಡುವುದು.

6. ಪೆಟ್ಟು ಬಿದ್ದಾಗ ಮಾಡಬೇಕಾದುದು

(1) ಆಟವನ್ನು ಆ ದಿನಕ್ಕೆ ನಿಲ್ಲಿಸುವುದು. ಉಸಿರಾಟದ ತೊಂದರೆ, ಕೆಮ್ಮಿನಲ್ಲಿ ರಕ್ತ ಅಥವಾ ತೀವ್ರ ನೋವು ಇದ್ದರೆ ಆಸ್ಪತ್ರೆಗೆ ಹೋಗುವುದು.
(2) ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಮ್ಮೆಗೆ 15ರಿಂದ 20 ನಿಮಿಷ ಇಡುವುದು.
(3) ಎಚ್ಚರವಿರುವಾಗ ಗಂಟೆಗೊಮ್ಮೆ ಕೆಲವು ಬಾರಿ ದೀರ್ಘವಾಗಿ ಉಸಿರೆಳೆದು ಬಿಡುವುದು. ನೋವಿಗೆ ಹೆದರಿ ಮೇಲುಸಿರು ಮಾತ್ರ ತೆಗೆದುಕೊಂಡರೆ ಶ್ವಾಸಕೋಶದ ಕೆಳಭಾಗದಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ.
(4) ಶರೀರದ ಬೇರೆಡೆ ಇರುವ ತರಚು, ಕುರು, ಗುಳ್ಳೆಗಳನ್ನು ಸಾಬೂನು ಮತ್ತು ನೀರಿನಿಂದ ತೊಳೆದು ಶುಭ್ರ ಪಟ್ಟಿಯಿಂದ ಮುಚ್ಚುವುದು.
(5) ಪೆಟ್ಟು ಬಿದ್ದ ದಿನಾಂಕ, ಜಾಗ ಮತ್ತು ವಿಧವನ್ನು ಬರೆದಿಡುವುದು. ಶಾಲೆಯ ಡೈರಿ, ತಂಡದ ನೋಟ್‌ಬುಕ್, ಗೋಡೆಯ ಕ್ಯಾಲೆಂಡರ್ ಯಾವುದಾದರೂ ಆದೀತು.
(6) ಮುಂದಿನ ಎರಡು ವಾರ ಮೈ ಬೆಚ್ಚಗೆನಿಸಿದಾಗ, ಮಾತ್ರೆ ನುಂಗುವ ಮೊದಲು ಥರ್ಮಾಮೀಟರ್‌ನಿಂದ ಜ್ವರ ಅಳೆದು ಬರೆದುಕೊಳ್ಳುವುದು.

ಮಾಡಬಾರದ ಸಂಗತಿಗಳು

(1) ಪೆಟ್ಟಿನ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಿಸಬಾರದು, ನೀವಿಸಬಾರದು. ಜಜ್ಜಿದ ಅಂಗಾಂಶದಲ್ಲಿ ರಕ್ತಸ್ರಾವ ಹೆಚ್ಚುತ್ತದೆ.
(2) ಎದೆಯ ಸುತ್ತ ಬಿಗಿಯಾದ ಕಟ್ಟು ಹಾಕಿಸಬಾರದು. ಕೈಕಾಲಿನ ಮೂಳೆಗೆ ಕಟ್ಟು ಸರಿ. ಎದೆಗೆ ಕಟ್ಟಿದರೆ ಉಸಿರು ಸಂಕುಚಿತವಾಗುತ್ತದೆ.
(3) ಊತವನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಿ ಕೀವು ತೆಗೆಯಲು ಯತ್ನಿಸಬಾರದು.
(4) ನೋವಿನ ಮಾತ್ರೆ ನುಂಗಿ ಆಟ ಮುಂದುವರಿಸಬಾರದು. ಈ ಮಾತ್ರೆಗಳು ನೋವಿನ ಜೊತೆಗೆ ಜ್ವರವನ್ನೂ ತಗ್ಗಿಸುವುದರಿಂದ ರೋಗದ ಸುಳಿವೇ ಮರೆಯಾಗುತ್ತದೆ.
(5) ಔಷಧಿ ಅಂಗಡಿಯಿಂದ ತಾವೇ ಆಂಟಿಬಯೋಟಿಕ್ ಖರೀದಿಸಿ ಎರಡು-ಮೂರು ದಿನ ಸೇವಿಸಿ ನಿಲ್ಲಿಸಬಾರದು. ಇದರಿಂದ ರೋಗಾಣು ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು.
(6) ಮೈಕಟ್ಟು ಬೆಳೆಸಲೆಂದು ಚುಚ್ಚುಮದ್ದುಗಳನ್ನು ತೆಗೆದುಕೊಳ್ಳಬಾರದು. ಅಶುದ್ಧ ಸೂಜಿ ರೋಗಾಣುವನ್ನು ನೇರವಾಗಿ ಶರೀರದೊಳಕ್ಕೆ ಒಯ್ಯುತ್ತದೆ.

7. ಆಸ್ಪತ್ರೆಯಲ್ಲಿ ನಡೆಸುವ ಪರೀಕ್ಷೆಗಳು

ಮೊದಲು ನಾಡಿ, ಉಸಿರಾಟದ ಗತಿ, ರಕ್ತದೊತ್ತಡ ಹಾಗೂ ರಕ್ತದ ಆಮ್ಲಜನಕದ ಪ್ರಮಾಣವನ್ನು ನೋಡಲಾಗುತ್ತದೆ. ನಂತರ ಎದೆಯ ಎಕ್ಸ್-ರೇ ತೆಗೆಯಲಾಗುತ್ತದೆ. ನಿಂತು ತೆಗೆದ ಎಕ್ಸ್-ರೇಯಲ್ಲಿಯೂ ಸುಮಾರು 200 ಮಿಲಿ ಲೀಟರ್ ದ್ರವ ಸಂಗ್ರಹವಾಗುವವರೆಗೆ ಅದು ಸ್ಪಷ್ಟವಾಗಿ ಕಾಣದಿರಬಹುದು. ಆದುದರಿಂದ ಪೆಟ್ಟು ಬಿದ್ದ ದಿನ ತೆಗೆಸಿದ ಎಕ್ಸ್-ರೇ ಸರಿಯಾಗಿತ್ತೆಂಬ ಕಾರಣಕ್ಕೆ, ಹತ್ತು ದಿನಗಳ ನಂತರ ಬಂದ ಜ್ವರವನ್ನು ಕಡೆಗಣಿಸುವಂತಿಲ್ಲ; ಮತ್ತೊಮ್ಮೆ ಪರೀಕ್ಷೆ ಅಗತ್ಯ.

ಇನ್ನೂ ಕಡಿಮೆ ದ್ರವವನ್ನು ಹಾಗೂ ಸ್ನಾಯುವಿನ ಕೀವನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಆಳದ ಸೋಂಕಿಗೆ ಸಿ.ಟಿ. ಸ್ಕ್ಯಾನ್, ಮೂಳೆ ಮತ್ತು ಕೀಲಿನ ಸೋಂಕಿಗೆ ಎಂ.ಆರ್.ಐ. ಸ್ಕ್ಯಾನ್ ಬೇಕಾಗಬಹುದು. ಮೂಳೆಯ ಸೋಂಕು ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳಲು ಎರಡು ವಾರಗಳೇ ಹಿಡಿಯಬಹುದು. ರಕ್ತವನ್ನು ಹಾಗೂ ಸೂಜಿಯಿಂದ ತೆಗೆದ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದನ್ನು ತಿಳಿಯಲಾಗುತ್ತದೆ.

8. ಚಿಕಿತ್ಸೆ

ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ: ಸೂಕ್ತ ಆಂಟಿಬಯೋಟಿಕ್ ಔಷಧ ಮತ್ತು ಸಂಗ್ರಹವಾದ ಕೀವನ್ನು ಹೊರತೆಗೆಯುವುದು. ಕೀವು ಗಟ್ಟಿಗೊಂಡ ನಂತರ ಔಷಧ ಮಾತ್ರದಿಂದ ಗುಣವಾಗುವುದು ಕಷ್ಟ.

ಎಂಪೈಮಾ ರೋಗವು ಮೂರು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ಹಂತದಲ್ಲಿ ದ್ರವ ತೆಳುವಾಗಿದ್ದು, ಪಕ್ಕೆಲುಬುಗಳ ನಡುವೆ ಇರಿಸುವ ನಳಿಕೆಯಿಂದ ಹರಿದು ಹೋಗುತ್ತದೆ. ಎರಡನೇ ಹಂತದಲ್ಲಿ ಕೀವು ಮಂದವಾಗಿ, ಜೇಡರಬಲೆಯಂತಹ ಗೋಡೆಗಳಿಂದ ಅನೇಕ ಕೋಣೆಗಳಾಗುತ್ತದೆ; ಆಗ ನಳಿಕೆಯ ಮೂಲಕ ಹೆಪ್ಪು ಕರಗಿಸುವ ಔಷಧ ಅಥವಾ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಬಳಸಿ ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ವಾರಗಳು ಕಳೆದು ಮೂರನೇ ಹಂತ ತಲುಪಿದರೆ, ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ ಬೆಳೆದು ಅದು ಹಿಗ್ಗದಂತಾಗುತ್ತದೆ. ಆಗ ಎದೆ ತೆರೆದು ಆ ಸಿಪ್ಪೆಯನ್ನು ಬಿಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು. ಒಂದೇ ರೋಗಕ್ಕೆ ಒಂದು ನಳಿಕೆ ಸಾಕೇ, ಎದೆ ತೆರೆಯಬೇಕೇ ಎಂಬುದನ್ನು ಬಹುಮಟ್ಟಿಗೆ ದಿನಗಳೇ ನಿರ್ಧರಿಸುತ್ತವೆ.

ಮೂಳೆ ಮತ್ತು ಕೀಲಿನ ಸೋಂಕುಗಳಿಗೆ ಸಾಮಾನ್ಯವಾಗಿ 4ರಿಂದ 6 ವಾರಗಳ ಆಂಟಿಬಯೋಟಿಕ್ ಚಿಕಿತ್ಸೆ ಅಗತ್ಯ. ಜ್ವರ ಬಿಟ್ಟಿತೆಂದು ನಡುವೆ ಔಷಧ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

9. ಕ್ಷಯರೋಗದ ಬಗ್ಗೆ ಒಂದು ಮಾತು

ನಮ್ಮ ದೇಶದಲ್ಲಿ ಯುವಜನರ ಎದೆಯಲ್ಲಿ ನೀರು ತುಂಬಲು ಕ್ಷಯರೋಗವೂ ಒಂದು ಪ್ರಮುಖ ಕಾರಣ. ಪಕ್ಕೆಲುಬು ಅಥವಾ ಎದೆಮೂಳೆಯ ಕ್ಷಯದಲ್ಲಿ ನೋವು, ಬಿಸಿ ಅಷ್ಟಾಗಿ ಇಲ್ಲದ ಊತ ಕಾಣಿಸಿಕೊಳ್ಳಬಹುದು. ಮೊದಲೇ ಇದ್ದ ಊತವು ಪೆಟ್ಟು ಬಿದ್ದಾಗ ಗಮನಕ್ಕೆ ಬಂದು, ಪೆಟ್ಟಿನಿಂದಲೇ ಆಯಿತೆಂದು ತಿಳಿಯುವ ಸಂಭವವೂ ಇದೆ. ಆದಕಾರಣ ವೈದ್ಯರು ಕ್ಷಯದ ಪರೀಕ್ಷೆಯನ್ನು ಸೂಚಿಸಿದರೆ ಗಾಬರಿಯಾಗದೆ, ಸಂಕೋಚಪಡದೆ ಮಾಡಿಸಿಕೊಳ್ಳುವುದು. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತವಾಗಿವೆ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ನೀಡಲಾಗುತ್ತಿದ್ದ ಮಾಸಿಕ 500 ರೂ. ಪೌಷ್ಟಿಕ ಆಹಾರ ನೆರವನ್ನು ನವೆಂಬರ್ 2024ರಿಂದ 1,000 ರೂ.ಗಳಿಗೆ ಹೆಚ್ಚಿಸಲಾಗಿದೆ.

10. ಸೌಲಭ್ಯಗಳನ್ನು ಪಡೆಯುವ ವಿಧಾನ

(ಅ) 108 ಆರೋಗ್ಯ ಕವಚ: 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ಈ ಆಂಬ್ಯುಲೆನ್ಸ್ ಸೇವೆಗೆ ಶುಲ್ಕವಿಲ್ಲ. ಕರೆ ಮಾಡಿದಾಗ ಸ್ಥಳ, ಗುರುತು, ರೋಗಿಯ ವಯಸ್ಸು ಹಾಗೂ ಪೆಟ್ಟು ಬಿದ್ದ ದಿನವನ್ನು ತಿಳಿಸುವುದು.

(ಆ) 104 ಆರೋಗ್ಯ ಸಹಾಯವಾಣಿ: ಆಸ್ಪತ್ರೆಗೆ ಹೋಗಬೇಕೇ ಎಂಬ ಸಂದೇಹವಿದ್ದಲ್ಲಿ ಸಲಹೆ ಪಡೆಯಬಹುದು.

(ಇ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಲಭ್ಯ. ಇತರ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ವಾರ್ಷಿಕ 1.5 ಲಕ್ಷ ರೂ. ಮಿತಿಯಲ್ಲಿ ಲಭ್ಯ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ಒಯ್ಯತಕ್ಕದ್ದು.

(ಈ) ಶಿಫಾರಸು ಪತ್ರ: ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗುವುದು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ತುರ್ತು ಪ್ರಕರಣಗಳಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ.

(ಉ) ಎದೆರೋಗಗಳ ವಿಶೇಷ ಸಂಸ್ಥೆ: ಬೆಂಗಳೂರಿನಲ್ಲಿರುವ ಎಸ್.ಡಿ.ಎಸ್. ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯು ಎದೆರೋಗಗಳಿಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆಯಾಗಿರುತ್ತದೆ.

(ಊ) ಕಾಗದಪತ್ರಗಳು: ಹೊರರೋಗಿ ಚೀಟಿ, ಎಕ್ಸ್-ರೇ, ಪರೀಕ್ಷಾ ವರದಿಗಳು, ಔಷಧಿ ರಸೀದಿಗಳು ಹಾಗೂ ಬಿಡುಗಡೆ ಪತ್ರವನ್ನು ದಿನಾಂಕವಾರು ಒಂದೇ ಕಡತದಲ್ಲಿ ಇಡುವುದು. ಹೊರರೋಗಿ ಚೀಟಿಯಲ್ಲಿ ಪೆಟ್ಟಿನ ದಿನಾಂಕವನ್ನು ನಮೂದಿಸುವಂತೆ ವೈದ್ಯರನ್ನು ಕೋರುವುದು. ಮುಂದಿನ ಆಸ್ಪತ್ರೆಯ ವೈದ್ಯರಿಗೆ ಹಾಗೂ ವಿಮೆ ಇದ್ದಲ್ಲಿ ಅದರ ಕ್ಲೇಮಿಗೆ ಈ ಒಂದು ಸಾಲು ಉಪಯುಕ್ತ.

11. ಶಾಲೆ, ಗರಡಿ ಮತ್ತು ತರಬೇತುದಾರರ ಹೊಣೆ

- ಕೀವು ಒಸರುವ ಅಥವಾ ಮುಚ್ಚಲಾಗದ ಗಾಯವಿರುವ ಆಟಗಾರರನ್ನು ಮೈಗೆ ಮೈ ತಗಲುವ ಆಟಗಳಿಂದ ದೂರವಿಡುವುದು.
- ಟವೆಲ್, ಕ್ಷೌರದ ಬ್ಲೇಡ್, ಬಟ್ಟೆ, ಮೊಣಕಾಲು ಪಟ್ಟಿಗಳನ್ನು ಹಂಚಿಕೊಳ್ಳದಂತೆ ನೋಡಿಕೊಳ್ಳುವುದು. ಮ್ಯಾಟ್‌ಗಳನ್ನು ಬಳಕೆಯ ನಂತರ ಶುಚಿಗೊಳಿಸುವುದು.
- ಅಭ್ಯಾಸ ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡಲು ಅನುಕೂಲ ಕಲ್ಪಿಸುವುದು.
- ತಂಡಕ್ಕೊಂದು ಪೆಟ್ಟಿನ ವಹಿ ಇಡುವುದು: ದಿನಾಂಕ, ಹೆಸರು, ಪೆಟ್ಟಿನ ಜಾಗ, 3, 7 ಮತ್ತು 14ನೇ ದಿನದ ವಿಚಾರಣೆ.
- ನೋವು ಹೇಳಿಕೊಂಡ ಆಟಗಾರನಿಗೆ ತಂಡದಲ್ಲಿ ಸ್ಥಾನ ತಪ್ಪುವುದಿಲ್ಲವೆಂಬ ಭರವಸೆ ನೀಡುವುದು. ಈ ಭರವಸೆ ಇಲ್ಲದಿದ್ದರೆ ಉಳಿದ ಯಾವ ಕ್ರಮವೂ ಫಲ ನೀಡದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎದೆಗೆ ಪೆಟ್ಟು ಬಿದ್ದವರೆಲ್ಲರೂ ಸ್ಕ್ಯಾನ್ ಮಾಡಿಸಬೇಕೇ?
ಉತ್ತರ: ಇಲ್ಲ. ದಿನೇ ದಿನೇ ನೋವು ಇಳಿಯುತ್ತಿದ್ದು, ಜ್ವರ ಮತ್ತು ಉಸಿರಾಟದ ತೊಂದರೆ ಇಲ್ಲದಿದ್ದರೆ ಗಮನವಿಟ್ಟು ನೋಡಿಕೊಂಡರೆ ಸಾಕು.

ಪ್ರಶ್ನೆ: ಸೋಂಕು ತಡೆಯಲು ಮುಂಚಿತವಾಗಿಯೇ ಆಂಟಿಬಯೋಟಿಕ್ ಸೇವಿಸಬಹುದೇ?
ಉತ್ತರ: ಸಾಮಾನ್ಯ ಮೂಗೇಟಿಗೆ ಅದರ ಅಗತ್ಯವಿಲ್ಲ. ವೈದ್ಯರು ಬರೆದುಕೊಡದ ಹೊರತು ಸೇವಿಸಬಾರದು.

ಪ್ರಶ್ನೆ: ಈ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ?
ಉತ್ತರ: ಎದೆಯೊಳಗಿನ ಕೀವು ಸಹವಾಸದಿಂದ ಹರಡುವುದಿಲ್ಲ. ಆದರೆ ಚರ್ಮದ ಗಾಯದಲ್ಲಿರುವ ರೋಗಾಣು ಸ್ಪರ್ಶದಿಂದ, ಹಂಚಿಕೊಂಡ ವಸ್ತುಗಳಿಂದ ಹರಡಬಲ್ಲದು. ಕ್ಷಯವೆಂದು ದೃಢಪಟ್ಟಲ್ಲಿ ಆರೋಗ್ಯ ಸಿಬ್ಬಂದಿಯ ಸೂಚನೆಗಳನ್ನು ಮನೆಮಂದಿ ಪಾಲಿಸತಕ್ಕದ್ದು.

ಪ್ರಶ್ನೆ: ಗುಣವಾದ ಮೇಲೆ ಮತ್ತೆ ಆಡಬಹುದೇ?
ಉತ್ತರ: ಸಕಾಲದಲ್ಲಿ ಚಿಕಿತ್ಸೆ ಪಡೆದ ಯುವಜನರಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಔಷಧದ ಅವಧಿ ಪೂರ್ಣಗೊಂಡು, ಎಕ್ಸ್-ರೇ ತೃಪ್ತಿಕರವಾಗಿ, ವೈದ್ಯರು ಲಿಖಿತ ಅನುಮತಿ ನೀಡಿದ ನಂತರ ಮೊದಲು ನಡಿಗೆ, ನಂತರ ಓಟ, ಕೊನೆಯಲ್ಲಿ ಮೈ ತಗಲುವ ಆಟ ಎಂಬ ಕ್ರಮದಲ್ಲಿ ಮರಳುವುದು.

ಮುಕ್ತಾಯ

ಎದೆಯ ಮೂಗೇಟಿನ ನಂತರದ ಸೋಂಕು ಅಪರೂಪವಾದುದರಿಂದ ಭಯಪಡಬೇಕಾಗಿಲ್ಲ. ಅಪರೂಪವಾದುದರಿಂದಲೇ ಅದು ಮರೆತುಹೋಗುವ ಸಂಭವ ಹೆಚ್ಚು. ಆದಕಾರಣ ಪೆಟ್ಟಿನ ದಿನಾಂಕವನ್ನು ಬರೆದಿಡುವುದು, ಇಳಿದ ನೋವು ಏರಿದರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗುವುದು, ವೈದ್ಯರು ಕೇಳದಿದ್ದರೂ ಪೆಟ್ಟಿನ ವಿಷಯವನ್ನು ತಾವಾಗಿಯೇ ತಿಳಿಸುವುದು – ಈ ಮೂರನ್ನು ಪ್ರತಿಯೊಬ್ಬ ಆಟಗಾರನೂ, ಪೋಷಕರೂ ಪಾಲಿಸಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ 104 ಸಹಾಯವಾಣಿಯನ್ನು ಸಂಪರ್ಕಿಸುವುದು.